ಒಂಬತ್ತು ಮಿಲಿಮೀಟರ್ ಹಳಿಯ ಮೇಲೆ ಶಿಮ್ಲಾ ಗಾಡಿ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ರೈಲಿನ ಮಾದರಿಗಳನ್ನು ನೀವು ನೋಡಿಯೇ ಇರುತ್ತೀರಿ. ರಟ್ಟು, ಅಂಟು, ಬಣ್ಣ, ಕೆಟ್ಟುಹೋದ ಆಟಿಕೆಯಿಂದ ಕಿತ್ತ ಪುಟ್ಟ ಮೋಟರು – ಇಷ್ಟೇ ಸಾಮಗ್ರಿಯಿಂದ ಮಕ್ಕಳು ಸೊಗಸಾದ ಗಾಡಿಗಳನ್ನು ಮಾಡುತ್ತಾರೆ. ಅವುಗಳಲ್ಲಿ ಹೆಚ್ಚಿನವು ಉಗಿ ಇಂಜಿನ್‌ಗಳು. ಹೊಗೆಕೊಳವೆ, ದೊಡ್ಡ ಚಕ್ರಗಳು, ಅವನ್ನು ಒಂದಕ್ಕೊಂದು ಬೆಸೆದ ಸರಳುಗಳು – ನೋಡಲು ಅಂದ, ನಿಜ. ಆದರೆ ಮುಂದಿನ ಬಾರಿ ಮಾದರಿ ಮಾಡಲು ಕುಳಿತಾಗ ಅಷ್ಟೇನೂ ಚೆಲುವಲ್ಲದ ಒಂದು ಇಂಜಿನ್ನನ್ನು ಆರಿಸಿಕೊಳ್ಳಿ. ಅದರ ಹೆಸರು ಜೆಡ್‌ಡಿಎಂ-3. ಉದ್ದನೆಯ ಪೆಟ್ಟಿಗೆಯಂಥ ಮೂತಿ, ಅದಕ್ಕೆ ಅಂಟಿಕೊಂಡ ಚಾಲಕನ ಕೋಣೆ, ಅಡಿಯಲ್ಲಿ ಎರಡು ಬೋಗಿಗಳು, ಒಂದೊಂದು ಬೋಗಿಗೂ ಎರಡೆರಡು ಅಚ್ಚುಗಳು. ರಟ್ಟಿನಲ್ಲಿ ಮಾಡಲು ಇದಕ್ಕಿಂತ ಸುಲಭದ ಆಕಾರ ಸಿಗಲಾರದು.

(ನಾವು ಮಾತಿನಲ್ಲಿ ರೈಲಿನ ಡಬ್ಬಿಯನ್ನೇ ಬೋಗಿ ಎಂದುಬಿಡುತ್ತೇವೆ. ಇಂಜಿನಿಯರರ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ಸ್ವತಂತ್ರವಾಗಿ ತಿರುಗಬಲ್ಲ, ಚಕ್ರಗಳನ್ನು ಹೊತ್ತ ಚೌಕಟ್ಟು. ಈ ಲೇಖನದಲ್ಲಿ ಬೋಗಿಯೆಂದರೆ ಅದೇ.)

ಈ ಇಂಜಿನ್ನು ಓಡುವುದು ಹರಿಯಾಣದ ಕಾಲ್ಕಾದಿಂದ ಹಿಮಾಚಲ ಪ್ರದೇಶದ ಶಿಮ್ಲಾಕ್ಕೆ ಹೋಗುವ 96.6 ಕಿಲೋಮೀಟರ್ ಉದ್ದದ ಬೆಟ್ಟದ ರೈಲುಹಾದಿಯಲ್ಲಿ. ಆ ಸಾಲಿನ ಬಗ್ಗೆ ಬರೆದವರೆಲ್ಲ ಉಗಿ ಇಂಜಿನ್ನಿನ ಚಿತ್ರವನ್ನೇ ಹಾಕುತ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ಸಾಲು ತೆರೆದದ್ದು 1903ರಲ್ಲಿ. ಅಲ್ಲಿ ದಿನನಿತ್ಯದ ಉಗಿ ಸಂಚಾರ ನಿಂತದ್ದು 1971ರಲ್ಲಿ. ಅಂದರೆ ಉಗಿಯ ಆಳ್ವಿಕೆ 68 ವರ್ಷ. ಮೊದಲ ಡೀಸೆಲ್ ಇಂಜಿನ್ ಬಂದದ್ದು 1955ರಲ್ಲಿ. ಡೀಸೆಲ್ ಇಂದಿಗೂ ಓಡುತ್ತಿದೆ. ಅದರ ಸೇವೆಯ ಅವಧಿ ಆಗಲೇ ಉಗಿಯದನ್ನು ಮೀರಿದೆ! ಆದರೂ ಅದರ ಚರಿತ್ರೆಯನ್ನು ಬರೆದವರು ಕಡಿಮೆ. ಮಾದರಿ ಮಾಡುವ ನೆಪದಲ್ಲಿ ಆ ಚರಿತ್ರೆಯನ್ನೇ ನೋಡೋಣ.

ಹೆಸರಿನಲ್ಲಿ ಏನಿದೆ?

ಭಾರತೀಯ ರೈಲ್ವೆಯ ಇಂಜಿನ್‌ಗಳ ಹೆಸರು ಒಂದು ಸಂಕೇತ. ಮೊದಲ ಅಕ್ಷರ ಹಳಿಗಳ ನಡುವಿನ ಅಂತರವನ್ನು, ಅಂದರೆ ಗೇಜನ್ನು, ಹೇಳುತ್ತದೆ. ಡಬ್ಲ್ಯೂ ಎಂದರೆ ಬ್ರಾಡ್‌ಗೇಜ್ (1,676 ಮಿ.ಮೀ.), ವೈ ಎಂದರೆ ಮೀಟರ್‌ಗೇಜ್ (1,000 ಮಿ.ಮೀ.), ಜೆಡ್ ಎಂದರೆ ಎರಡೂವರೆ ಅಡಿಯ ನ್ಯಾರೋಗೇಜ್ (762 ಮಿ.ಮೀ.), ಎನ್ ಎಂದರೆ ಎರಡು ಅಡಿಯ ಇನ್ನೂ ಕಿರಿದಾದ ಗೇಜ್ (610 ಮಿ.ಮೀ.). ಎರಡನೆಯ ಅಕ್ಷರ ಡಿ – ಡೀಸೆಲ್. ಮೂರನೆಯದು ಎಂ – ಪ್ರಯಾಣಿಕರ ಗಾಡಿಗೂ ಸರಕು ಗಾಡಿಗೂ ಸಲ್ಲುವ ಮಿಶ್ರ ಬಳಕೆಯದು. ಕೊನೆಯ ಅಂಕಿ ಕ್ರಮಸಂಖ್ಯೆ. ಹಾಗಾಗಿ ಜೆಡ್‌ಡಿಎಂ-3 ಎಂದರೆ ಎರಡೂವರೆ ಅಡಿ ಗೇಜಿನ ಡೀಸೆಲ್ ಇಂಜಿನ್‌ಗಳಲ್ಲಿ ಮೂರನೆಯ ಮಾದರಿ.

ಎರಡೂವರೆ ಅಡಿಯ ಗೇಜು ನಮಗೂ ಹೊಸದಲ್ಲ. ಬೌರಿಂಗ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಹಾಕಿದ್ದು ಇದೇ ಗೇಜಿನ ಹಳಿ. ಅದು ಮುಂದೆ ಚಿಕ್ಕಬಳ್ಳಾಪುರದ ಮೂಲಕ ಯಲಹಂಕದವರೆಗೆ ಬೆಳೆಯಿತು. ಮೀರಜ್–ಪಂಢರಪುರದ ಬಾರ್ಸಿ ಲೈಟ್ ರೈಲ್ವೆಯೂ ಇದೇ ಗೇಜಿನದು; ಉತ್ತರ ಕರ್ನಾಟಕದ ವಿಠಲಭಕ್ತರಿಗೆ ಅದು ಪರಿಚಿತ ಗಾಡಿ. ತರೀಕೆರೆ–ನರಸಿಂಹರಾಜಪುರದ ಟ್ರಾಮು ಸಾಲು ಮಾತ್ರ ಇನ್ನೂ ಕಿರಿದು, ಎರಡು ಅಡಿಯದು.

ಮೇಜಿನ ಮೇಲಿನ ಅಳತೆ

ಮಾದರಿ ರೈಲುಗಳಿಗೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪ್ರಮಾಣ 1:87. ಇದನ್ನು ಎಚ್‌ಒ ಪ್ರಮಾಣ ಎನ್ನುತ್ತಾರೆ. ನಿಜದಲ್ಲಿ ಒಂದು ಅಡಿ ಇರುವುದು ಮಾದರಿಯಲ್ಲಿ ಮೂರೂವರೆ ಮಿಲಿಮೀಟರ್ – ಈ ವಿಚಿತ್ರ ಸಂಖ್ಯೆ ಹುಟ್ಟಿದ್ದು ಹಾಗೆ. 762ನ್ನು 87ರಿಂದ ಭಾಗಿಸಿದರೆ 8.76 ಮಿ.ಮೀ. ಅಂಥ ಹಳಿಯನ್ನು ನೀವೇ ತಯಾರಿಸುವುದು ಕಷ್ಟ. ಅದೃಷ್ಟಕ್ಕೆ, 1:160ರ ಎನ್ ಪ್ರಮಾಣದ ಮಾದರಿಗಳಿಗಾಗಿ ಅಂಗಡಿಯಲ್ಲಿ 9 ಮಿ.ಮೀ. ಹಳಿ ಸಿಗುತ್ತದೆ. ಅದು ವಾಸ್ತವವಾಗಿ ಯೂರೋಪಿನ 1,435 ಮಿ.ಮೀ. ಗೇಜಿನ ಪುಟ್ಟ ರೂಪ. ಅದರ ಮೇಲೆ 1:87ರ ಇಂಜಿನ್ನನ್ನು ಇಟ್ಟರೆ ಅದು ನ್ಯಾರೋಗೇಜ್ ಹಳಿಯಾಗಿಬಿಡುತ್ತದೆ! ತಪ್ಪು ಕೇವಲ ಕಾಲು ಮಿಲಿಮೀಟರ್. ನಿಜದ ಅಳತೆಗೆ ಹಿಗ್ಗಿಸಿದರೆ ಹಳಿ 21 ಮಿ.ಮೀ. ಅಗಲವಾದಂತೆ. ಕಣ್ಣಿಗೆ ಗೊತ್ತಾಗದು. ಮಾದರಿಕಾರರು ಈ ಹೊಂದಾಣಿಕೆಯನ್ನು ಎಚ್‌ಒಇ ಎಂದು ಕರೆಯುತ್ತಾರೆ.

ಇನ್ನು ಇಡೀ ಸಾಲನ್ನೇ ಈ ಪ್ರಮಾಣದಲ್ಲಿ ಕಟ್ಟುವುದಾದರೆ? ಹಳಿಯ ಉದ್ದ 1,110 ಮೀಟರ್. ಕಾಲ್ಕಾ ಸಮುದ್ರಮಟ್ಟದಿಂದ 656 ಮೀಟರ್, ಶಿಮ್ಲಾ ಸುಮಾರು 2,076 ಮೀಟರ್ ಎತ್ತರದಲ್ಲಿವೆ. ವ್ಯತ್ಯಾಸ 1,420 ಮೀಟರ್. ನಿಮ್ಮ ಮಾದರಿಯಲ್ಲಿ ಅದು 16 ಮೀಟರ್, ಅಂದರೆ ಐದು ಮಹಡಿಯ ಕಟ್ಟಡದಷ್ಟು! ಶಾಲೆಯ ಸಭಾಂಗಣದಲ್ಲಿ ಹಿಡಿಸದು. ಒಂದು ತಿರುವು, ಒಂದು ಸೇತುವೆ, ಒಂದು ಸುರಂಗದ ಬಾಯಿ – ಇಷ್ಟಕ್ಕೆ ತೃಪ್ತಿಪಡಬೇಕು.

ತಿರುವನ್ನು ಮಾತ್ರ ಸರಿಯಾಗಿ ಮಾಡಿ. ಈ ಸಾಲಿನ ಅತ್ಯಂತ ಬಿಗಿಯಾದ ತಿರುವಿನ ವ್ಯಾಸಾರ್ಧ 37.47 ಮೀಟರ್. ಮಾದರಿಯಲ್ಲಿ 43 ಸೆಂಟಿಮೀಟರ್. ಸಾಲಿನ ಮೇಲೆ ಒಟ್ಟು 919 ತಿರುವುಗಳಿವೆ. ಸರಾಸರಿ 105 ಮೀಟರಿಗೊಂದು. ಈ ಒಂದು ಸಂಗತಿಯೇ ಇಲ್ಲಿ ಓಡಬೇಕಾದ ಇಂಜಿನ್ನಿನ ಆಕಾರವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಹೇಗೆಂದು ನೋಡಿ. ಒಂದೇ ಗಟ್ಟಿ ಚೌಕಟ್ಟಿನಲ್ಲಿ 6 ಮೀಟರ್ ಅಂತರದಲ್ಲಿ ಎರಡು ಅಚ್ಚುಗಳಿವೆ ಎಂದುಕೊಳ್ಳೋಣ. ಚೌಕಟ್ಟು ವೃತ್ತದ ಜ್ಯಾ. ಹಳಿ ವೃತ್ತದ ಕಂಸ. ಜ್ಯಾದ ನಡುಬಿಂದುವಿನಿಂದ ಕಂಸಕ್ಕಿರುವ ದೂರ, ಜ್ಯಾದ ವರ್ಗವನ್ನು ವ್ಯಾಸಾರ್ಧದ ಎಂಟು ಪಟ್ಟಿನಿಂದ ಭಾಗಿಸಿದಷ್ಟು. 36ನ್ನು 300ರಿಂದ ಭಾಗಿಸಿದರೆ 12 ಸೆಂಟಿಮೀಟರ್ ಬರುತ್ತದೆ. ನಡುವೆ ಇನ್ನೊಂದು ಜೊತೆ ಚಕ್ರವಿದ್ದರೆ ಅದು ಹಳಿಯಿಂದ ಅಷ್ಟು ಹೊರಗಿರಬೇಕಾಗುತ್ತದೆ! ಅಚ್ಚುಗಳ ಅಂತರವನ್ನು 2 ಮೀಟರಿಗೆ ಇಳಿಸಿದರೆ ಅದೇ ದೂರ 1.3 ಸೆಂಟಿಮೀಟರಿಗೆ ಇಳಿಯುತ್ತದೆ. ಉದ್ದದ ಇಂಜಿನ್ ಬೇಕು, ಆದರೆ ಚಕ್ರಗಳು ಹತ್ತಿರ ಹತ್ತಿರ ಇರಬೇಕು. ಉತ್ತರ – ಎರಡು ಪುಟ್ಟ ಬೋಗಿಗಳು.

ಹಳಿ ಹಾಕಿದ ಕಥೆ

1864ರಿಂದ ಬ್ರಿಟಿಷ್ ಸರ್ಕಾರ ಬೇಸಿಗೆಯಲ್ಲಿ ಶಿಮ್ಲಾದಿಂದ ಆಡಳಿತ ನಡೆಸತೊಡಗಿತು. ಕಡತ, ಗುಮಾಸ್ತರು, ಸೈನಿಕರು, ಅವರ ಸಾಮಾನು ಸರಂಜಾಮು ಎಲ್ಲವೂ ಪ್ರತಿ ವರ್ಷ ಬೆಟ್ಟ ಹತ್ತಿ ಇಳಿಯಬೇಕಿತ್ತು. ದೆಹಲಿಯಿಂದ ಕಾಲ್ಕಾವರೆಗೆ ಬ್ರಾಡ್‌ಗೇಜ್ 1891ರಲ್ಲಿ ಬಂತು. ಮುಂದಿನ ಬೆಟ್ಟದ ಸಾಲಿಗೆ ದೆಹಲಿ–ಅಂಬಾಲಾ–ಕಾಲ್ಕಾ ಕಂಪನಿಯೊಂದಿಗೆ 1898ರಲ್ಲಿ ಒಪ್ಪಂದವಾಯಿತು. ಮೊದಲು ಯೋಚಿಸಿದ್ದು ಡಾರ್ಜಿಲಿಂಗಿನಂತೆ ಎರಡು ಅಡಿಯ ಗೇಜು. ಆದರೆ ಸೇನಾ ಇಲಾಖೆ ತಕರಾರು ತೆಗೆಯಿತು; ಯುದ್ಧಕಾಲದಲ್ಲಿ ಡಬ್ಬಿ, ಇಂಜಿನ್‌ಗಳನ್ನು ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಗಿಸಲು ಎಲ್ಲ ಕಿರಿದಾದ ಸಾಲುಗಳೂ ಒಂದೇ ಗೇಜಿನಲ್ಲಿರಬೇಕೆಂಬುದು ಅದರ ವಾದ. 1901ರಲ್ಲಿ ಎರಡೂವರೆ ಅಡಿ ಎಂದು ನಿಶ್ಚಯವಾಯಿತು. ಆ ಆರು ಅಂಗುಲದ ಉಪಕಾರ ಎಪ್ಪತ್ತು ವರ್ಷಗಳ ನಂತರ ಡೀಸೆಲ್ ಇಂಜಿನ್ನಿಗೆ ಒದಗಿಬಂತು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಸಾಲು 1903ರ ನವೆಂಬರ್ 9ರಂದು ತೆರೆಯಿತು. ಸೇತುವೆಗಳು ಎಂಟುನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲು ಕಬ್ಬಿಣದ ಗರ್ಡರ್‌ಗಳಲ್ಲ, ರೋಮನ್ನರ ನೀರುಕಾಲುವೆಗಳಂತೆ ಕಮಾನಿನ ಮೇಲೆ ಕಮಾನು ಕಟ್ಟಿದ ಕಲ್ಲಿನ ಕೆಲಸ. ಸುರಂಗಗಳ ಕೊನೆಯ ಸಂಖ್ಯೆ 103. ನಡುವೆ 46ನೆಯದು ಈಗ ಇಲ್ಲದಿರುವುದರಿಂದ ಬಳಕೆಯಲ್ಲಿರುವವು 102. ಖರ್ಚು ಅಂದಾಜಿನ ಎರಡು ಪಟ್ಟಾಯಿತು. ಕಂಪನಿಗೆ ಸಾಲು ನಡೆಸುವುದು ಭಾರವಾಗಿ 1906ರಲ್ಲಿ ಸರ್ಕಾರವೇ ಅದನ್ನು ಕೊಂಡುಕೊಂಡಿತು.

ಅತಿ ಉದ್ದದ ಸುರಂಗ 33ನೆಯದು, ಬರೋಗ್ ಸುರಂಗ. ಉದ್ದ 1,143.61 ಮೀಟರ್. ಇದರ ಬಗ್ಗೆ ಒಂದು ಕಥೆ ಪ್ರಚಲಿತವಾಗಿದೆ. ಬರೋಗ್ ಎಂಬ ಇಂಜಿನಿಯರ್ ಬೆಟ್ಟವನ್ನು ಎರಡೂ ಬದಿಯಿಂದ ಕೊರೆಸಿದನಂತೆ, ಎರಡು ಬಿಲಗಳೂ ಕೂಡಲಿಲ್ಲವಂತೆ, ಸರ್ಕಾರ ಒಂದು ರೂಪಾಯಿ ದಂಡ ಹಾಕಿತಂತೆ, ಅವಮಾನ ತಾಳದೆ ಆತ ಗುಂಡು ಹಾರಿಸಿಕೊಂಡನಂತೆ. ಬಳಿಕ ಹ್ಯಾರಿಂಗ್ಟನ್ ಎಂಬ ಇಂಜಿನಿಯರ್ ಭಲ್ಕು ಎಂಬ ಸ್ಥಳೀಯನ ನೆರವಿನಿಂದ ಬೇರೊಂದು ಸುರಂಗವನ್ನು ಮುಗಿಸಿದನೆಂದು ಕಥೆ ಮುಂದುವರಿಯುತ್ತದೆ. ಎಷ್ಟು ನಿಜ, ಎಷ್ಟು ಕಟ್ಟುಕಥೆ ಎಂಬ ಚರ್ಚೆ ಇಲ್ಲಿ ಬೇಡ. ಶಿಮ್ಲಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಬಾಬಾ ಭಲ್ಕುವಿನ ಹೆಸರಿದೆ ಎಂಬುದಂತೂ ಸತ್ಯ. ಗಣಿತ ಏನು ಹೇಳುತ್ತದೆ ನೋಡಿ: ಪ್ರತಿ ಬದಿಯಿಂದ 572 ಮೀಟರ್ ಕೊರೆಯಬೇಕೆಂದುಕೊಂಡರೆ, ದಿಕ್ಕಿನಲ್ಲಿ ಬರೀ ಒಂದು ಡಿಗ್ರಿ ತಪ್ಪಿದರೂ ನಡುವೆ ತಲುಪುವ ಹೊತ್ತಿಗೆ 10 ಮೀಟರ್ ಆಚೆಗಿರುತ್ತೇವೆ. ನ್ಯಾರೋಗೇಜ್ ಸುರಂಗಗಳೆರಡು ಒಂದನ್ನೊಂದು ಕಾಣದೆ ಹಾದುಹೋಗಲು ಅಷ್ಟು ಸಾಕು.

ತುಂಬ ದೊಡ್ಡದಾದ ಇಂಜಿನ್

ಆರಂಭದಲ್ಲಿ ಡಾರ್ಜಿಲಿಂಗಿನಿಂದ ಎರಡು ಪುಟ್ಟ ಇಂಜಿನ್‌ಗಳನ್ನು ತರಿಸಿ, ಗೇಜು ಬದಲಾಯಿಸಿ ಓಡಿಸಿದರು. ಅವುಗಳ ಶಕ್ತಿ ಸಾಲದಾಯಿತು. 1904ರಿಂದ 1910ರ ನಡುವೆ 30 ದೊಡ್ಡ ಇಂಜಿನ್‌ಗಳು ಬಂದವು – ಮುಂದೆ ಎರಡು, ನಡುವೆ ಆರು, ಹಿಂದೆ ಎರಡು ಚಕ್ರ. ತೂಕ ಸುಮಾರು 35 ಟನ್. ಇವೇ ಕೆ ವರ್ಗದವು. ಉಗಿಯ ಕಾಲದ ಹೆಚ್ಚಿನ ದುಡಿಮೆ ಇವುಗಳದ್ದೇ. ಇವುಗಳ ಬಳಗದ ಕೆಸಿ-520 ಎಂಬ ಇಂಜಿನ್ನನ್ನು ದುರಸ್ತಿ ಮಾಡಿ ವಿಶೇಷ ಸವಾರಿಗಳಿಗೆ ಓಡಿಸಿದ್ದಾರೆ.

ನನಗೆ ಇವಕ್ಕಿಂತ ಸ್ವಾರಸ್ಯವೆನಿಸುವುದು 1928ರಲ್ಲಿ ಬಂದ ಟಿಡಿ ವರ್ಗದ ಜೋಡಿ ಇಂಜಿನ್‌ಗಳ ಕಥೆ. ತಲಾ 68 ಟನ್. ಎರಡು ಚಕ್ರಸಮೂಹಗಳ ಮೇಲೆ ಕುಳಿತ ಒಂದು ಬಾಯ್ಲರ್. ಕಾಗದದ ಮೇಲೆ ಲೆಕ್ಕ ಸರಿಯಾಗಿತ್ತು: ಒಂದು ದೊಡ್ಡ ಇಂಜಿನ್ ಎರಡು ಸಣ್ಣವುಗಳ ಕೆಲಸ ಮಾಡಿದರೆ ಸಿಬ್ಬಂದಿ ಉಳಿತಾಯ. ಆದದ್ದೇನು? ಇಷ್ಟು ದೊಡ್ಡ ಇಂಜಿನ್ನಿಗೆ ಸಾಕಾಗುವಷ್ಟು ಸರಕು ಜಮೆಯಾಗಲು ಹೆಚ್ಚುಕಡಿಮೆ ಇಡೀ ದಿನ ಕಾಯಬೇಕಾಯಿತು. ವ್ಯಾಪಾರಿಗಳಿಗೆ ಅಷ್ಟು ತಾಳ್ಮೆಯಿಲ್ಲ. ಅವರು ಲಾರಿ ಹಿಡಿದರು. ಬಹುಬೇಗ ಈ ಜೋಡಿಯನ್ನು ಕಾಂಗ್ರಾ ಕಣಿವೆಯ ಸಾಲಿಗೆ ಕಳಿಸಬೇಕಾಯಿತು. ಯಂತ್ರ ಕೆಟ್ಟದ್ದಾಗಿರಲಿಲ್ಲ, ಊರಿಗೆ ತಕ್ಕುದಾಗಿರಲಿಲ್ಲ ಅಷ್ಟೆ. ಬೆಟ್ಟದ ರೈಲಿಗೆ ಬೇಕಾದದ್ದು ಸಣ್ಣ ಗಾಡಿಯನ್ನು ಹಲವು ಬಾರಿ ಓಡಿಸಬಲ್ಲ, ಕಡಿಮೆ ಆಳುಗಳನ್ನು ಬೇಡುವ, ತಕ್ಷಣ ಹೊರಡಬಲ್ಲ ಇಂಜಿನ್. ಉಗಿ ಇಂಜಿನ್ನಿಗೆ ಬೆಳಗಿನ ಗಾಡಿಗೆಂದು ಗಂಟೆಗಟ್ಟಲೆ ಮೊದಲೇ ಬೆಂಕಿ ಹಾಕಬೇಕು. ಕಲ್ಲಿದ್ದಲು, ನೀರು ಎರಡನ್ನೂ ದಾರಿಯುದ್ದಕ್ಕೂ ಒದಗಿಸಬೇಕು. ನೂರಕ್ಕೂ ಹೆಚ್ಚು ಸುರಂಗಗಳಲ್ಲಿ ಹೊಗೆ ಕುಡಿಯಬೇಕು.

ಡೀಸೆಲ್ ಬಂತು

1955ರಲ್ಲಿ ಜರ್ಮನಿಯ ಅರ್ನಾಲ್ಡ್ ಯುಂಗ್ ಕಾರ್ಖಾನೆಯ ಜೆಡ್‌ಡಿಎಂ-1 ಇಂಜಿನ್‌ಗಳು ಕಾಲ್ಕಾಕ್ಕೆ ಬಂದವು. ಒಂದೊಂದರಲ್ಲೂ ಎರಡೆರಡು ಡೀಸೆಲ್ ಯಂತ್ರಗಳು, ನಡುವೆ ಬಾಗಬಲ್ಲ ಕೀಲು. ಮುಂದೆ ಇವುಗಳ ಗೇಜನ್ನು 610 ಮಿ.ಮೀ.ಗೆ ಬದಲಾಯಿಸಿ ಮಹಾರಾಷ್ಟ್ರದ ಮಾಥೆರಾನ್ ಬೆಟ್ಟದ ಸಾಲಿನಲ್ಲಿ ಬಳಸಿದರು. ಆಗ ಹೆಸರೂ ಬದಲಾಗಿ ಎನ್‌ಡಿಎಂ-1 ಆಯಿತು. ಹೆಸರಿನ ಮೊದಲ ಅಕ್ಷರದ ಮಹಿಮೆ ಈಗ ನಿಮಗೆ ಗೊತ್ತು. 1960ರ ದಶಕದಲ್ಲಿ ಜರ್ಮನಿಯದೇ ಆದ ಮಾಕ್ ಕಂಪನಿಯ ಜೆಡ್‌ಡಿಎಂ-2 ಬಂತು. ಕೀಲು ಹೋಗಿ ಒಂದೇ ದೇಹ, ಎರಡು ಬೋಗಿಗಳು ಬಂದವು.

ಮೂರನೆಯದು ನಮ್ಮದು. ಪಶ್ಚಿಮ ಬಂಗಾಳದ ಚಿತ್ತರಂಜನ್ ಲೋಕೋಮೋಟಿವ್ ವರ್ಕ್ಸ್ 1950ರಿಂದ ಉಗಿ ಇಂಜಿನ್‌ಗಳನ್ನು ಕಟ್ಟುತ್ತಿತ್ತು; 1968ರಿಂದ ಡೀಸೆಲ್-ಹೈಡ್ರಾಲಿಕ್ ಇಂಜಿನ್‌ಗಳನ್ನೂ ಕಟ್ಟತೊಡಗಿತು. 1970ರಿಂದ 1982ರವರೆಗೆ ಅಲ್ಲಿ ತಯಾರಾದದ್ದೇ ಜೆಡ್‌ಡಿಎಂ-3. ಸಾಮರ್ಥ್ಯ 700 ಅಶ್ವಶಕ್ತಿ. ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಇದು ಬರುತ್ತಿದ್ದಂತೆಯೇ, 1971ರಲ್ಲಿ, ಉಗಿ ನಿವೃತ್ತಿಯಾಯಿತು.

ಡೀಸೆಲ್-ಹೈಡ್ರಾಲಿಕ್ ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ಉಗಿ ಇಂಜಿನ್ ನಿಂತಲ್ಲಿಂದಲೇ ತನ್ನ ಪೂರ್ಣ ಬಲದಿಂದ ಎಳೆಯಬಲ್ಲದು. ಡೀಸೆಲ್ ಯಂತ್ರ ಹಾಗಲ್ಲ. ಅದು ತಿರುಗುತ್ತಿದ್ದರೆ ಮಾತ್ರ ಬಲ, ನಿಂತರೆ ಸೊನ್ನೆ. ಆದ್ದರಿಂದ ಯಂತ್ರ ವೇಗವಾಗಿ ತಿರುಗುತ್ತಿರುವಾಗ ಚಕ್ರ ಇನ್ನೂ ನಿಂತೇ ಇರಲು ಅನುವು ಮಾಡಿಕೊಡುವ ಮಧ್ಯವರ್ತಿಯೊಂದು ಬೇಕು. ಲಾರಿಯಲ್ಲಿ ಆ ಕೆಲಸವನ್ನು ಕ್ಲಚ್ಚು, ಗೇರುಪೆಟ್ಟಿಗೆ ಮಾಡುತ್ತವೆ. ನೂರು ಟನ್ ಎಳೆಯುವ ಕಡೆ ಆ ಬಗೆಯ ಕ್ಲಚ್ಚು ಸುಟ್ಟುಹೋದೀತು. ದೊಡ್ಡ ಇಂಜಿನ್‌ಗಳಲ್ಲಿ ಡೀಸೆಲ್ ಯಂತ್ರ ವಿದ್ಯುತ್ ಉತ್ಪಾದಿಸುತ್ತದೆ, ಅಚ್ಚಿನ ಬಳಿಯ ಮೋಟರುಗಳು ಚಕ್ರ ತಿರುಗಿಸುತ್ತವೆ. ನಮ್ಮ ಬ್ರಾಡ್‌ಗೇಜ್ ಡೀಸೆಲ್‌ಗಳು ಈ ಬಗೆಯವು. ಆದರೆ ಎರಡು ಚಕ್ರಗಳ ನಡುವೆ 762 ಮಿಲಿಮೀಟರಿಗೂ ಕಡಿಮೆ ಜಾಗವಿರುವಾಗ ಶಕ್ತಿಯುತ ಮೋಟರನ್ನು ಎಲ್ಲಿ ತುರುಕುವುದು? ತೂಕವೂ ಹೆಚ್ಚು. ಹಾಗಾಗಿ ಮೂರನೆಯ ದಾರಿ – ದ್ರವದ ಮೂಲಕ ಬಲ ಸಾಗಿಸುವುದು.

ಮನೆಯಲ್ಲೇ ಒಂದು ಪ್ರಯೋಗ ಮಾಡಿ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು, ಒಂದನ್ನು ಮಾತ್ರ ಚಾಲೂ ಮಾಡಿ. ಅದರ ಗಾಳಿಗೆ ಇನ್ನೊಂದರ ರೆಕ್ಕೆಗಳೂ ತಿರುಗತೊಡಗುತ್ತವೆ. ಎರಡನೆಯ ಫ್ಯಾನಿನ ರೆಕ್ಕೆಯನ್ನು ಒಂದು ಕೋಲಿನಿಂದ ತಡೆದರೂ ಮೊದಲನೆಯದು ನಿಲ್ಲುವುದಿಲ್ಲ. ಗಾಳಿಯ ಬದಲು ಎಣ್ಣೆ ಹಾಕಿ, ಎರಡನ್ನೂ ಒಂದು ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತಿರ ಹತ್ತಿರ ಇಟ್ಟು, ನಡುವೆ ಎಣ್ಣೆಯ ಹರಿವಿನ ದಿಕ್ಕನ್ನು ತಿರುಗಿಸುವ ಅಲುಗಾಡದ ರೆಕ್ಕೆಗಳ ಚಕ್ರವೊಂದನ್ನು ಕೂರಿಸಿದರೆ ಅದೇ ಟಾರ್ಕ್ ಕನ್ವರ್ಟರ್. ಗಾಡಿ ಹೊರಡುವಾಗ ಇದು ಯಂತ್ರದ ತಿರುಚುಬಲವನ್ನು ಹಲವು ಪಟ್ಟು ಹೆಚ್ಚಿಸಿ ಕೊಡುತ್ತದೆ. ಸವೆಯುವ ಭಾಗವಿಲ್ಲ, ಎಳೆತದಲ್ಲಿ ಜಗ್ಗಿಲ್ಲ. ಅಲ್ಲಿಂದ ಉದ್ದುದ್ದ ದಂಡಗಳು ಬೋಗಿಗಳ ಅಚ್ಚುಗಳಿಗೆ ಬಲ ಒಯ್ಯುತ್ತವೆ.

ದ್ರವದ ವ್ಯವಸ್ಥೆಗೊಂದು ದೋಷವಿದೆ. ಎಣ್ಣೆ ಕದಡಿದಾಗ ಶಕ್ತಿ ಶಾಖವಾಗಿ ಪೋಲಾಗುತ್ತದೆ. ವೇಗ ಹೆಚ್ಚಿದಾಗ ಕನ್ವರ್ಟರಿನ ಅಗತ್ಯವೇ ಇರುವುದಿಲ್ಲ, ಆದರೂ ಪೋಲು ತಪ್ಪದು. ಇದಕ್ಕೆ ಭಾರತೀಯ ರೈಲ್ವೆಯ ಇಂಜಿನಿಯರ್ ಮನಮೋಹನ್ ಸೂರಿಯವರು ಪರಿಹಾರ ಹುಡುಕಿದರು: ಹೊರಡುವಾಗ ದ್ರವ, ವೇಗ ಬಂದ ಮೇಲೆ ನೇರವಾಗಿ ಯಾಂತ್ರಿಕ ಜೋಡಣೆ. ಒಂದರಿಂದ ಇನ್ನೊಂದಕ್ಕೆ ಬದಲಾಗುವಾಗ ಜಗ್ಗು ಬಾರದಂತೆ ನೋಡಿಕೊಳ್ಳುವುದೇ ಇದರ ಜಾಣ್ಮೆ. 'ಸೂರಿ ಪ್ರಸರಣೆ' ಎಂದೇ ಹೆಸರಾದ ಇದನ್ನು ಭಾರತದ ಡೀಸೆಲ್ ಇಂಜಿನ್‌ಗಳಲ್ಲಿ ಅಳವಡಿಸಿದರು. ಸೂರಿಯವರಿಗೆ 1961ರಲ್ಲಿ ಪದ್ಮಶ್ರೀ, 1962ರಲ್ಲಿ ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿ ಸಂದವು. ಮುಂದೆ ದುರ್ಗಾಪುರದ ಕೇಂದ್ರೀಯ ಯಾಂತ್ರಿಕ ಇಂಜಿನಿಯರಿಂಗ್ ಸಂಶೋಧನಾಲಯದ ನಿರ್ದೇಶಕರಾಗಿದ್ದಾಗ ಅವರ ನೇತೃತ್ವದಲ್ಲಿ ರೂಪುಗೊಂಡದ್ದೇ ಸ್ವರಾಜ್ ಟ್ರ್ಯಾಕ್ಟರ್. ನಿಮ್ಮ ಊರಿನ ಹೊಲದಲ್ಲಿ ಅದು ಓಡಾಡುತ್ತಿದ್ದರೆ ಅದರ ಹಿಂದಿರುವ ಹೆಸರು ಇದು. ಉಗಿ ಇಂಜಿನ್‌ಗಳ ತಯಾರಕರ ಹೆಸರುಗಳನ್ನು ಬಾಯಿಪಾಠ ಒಪ್ಪಿಸುವ ರೈಲುಪ್ರಿಯರು ಹಲವರಿದ್ದಾರೆ. ಸೂರಿಯವರ ಹೆಸರು ಕೇಳಿದವರು ಎಷ್ಟು ಜನ?

700 ಅಶ್ವಶಕ್ತಿ ಏಕೆ?

ಈ ಸಾಲಿನ ಅತಿ ಕಡಿದಾದ ಏರು 1:33. ಅಂದರೆ 33 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಇಂಜಿನ್, ಡಬ್ಬಿ, ಜನ ಎಲ್ಲ ಸೇರಿ 100 ಟನ್ ಇದೆ ಎಂದುಕೊಳ್ಳಿ. ಅದನ್ನು ಏರಿನಲ್ಲಿ ಹಿಂದಕ್ಕೆ ಎಳೆಯುವ ಬಲ 100ನ್ನು 33ರಿಂದ ಭಾಗಿಸಿದಷ್ಟು, ಅಂದರೆ ಮೂರು ಟನ್ ತೂಕದಷ್ಟು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಇದನ್ನು ಗೆಲ್ಲಲು ಸುಮಾರು 280 ಅಶ್ವಶಕ್ತಿ ಬೇಕು. ತಿರುವುಗಳಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುವ ಘರ್ಷಣೆ, ಪ್ರಸರಣೆಯಲ್ಲಿ ಪೋಲಾಗುವ ಪಾಲು, ಬ್ರೇಕು ಮೊದಲಾದ ಉಪಕರಣಗಳ ಖರ್ಚು ಇವನ್ನೆಲ್ಲ ಸೇರಿಸಿ. ಮೇಲಾಗಿ ಶಿಮ್ಲಾದ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಐದನೇ ನಾಲ್ಕು ಭಾಗಕ್ಕಿಂತ ತುಸು ಕಡಿಮೆ. ಡೀಸೆಲ್ ಉರಿಯಲು ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. 700 ಎಂಬುದು ದುಂದಲ್ಲ ಎಂದು ನಿಮಗೇ ತಿಳಿಯುತ್ತದೆ.

ಏರು ಒಂದೇ ಸಮನೆ ಇದೆಯೆಂದೂ ಭಾವಿಸಬೇಡಿ. ಬರೋಗ್ ಬಳಿ 1,530 ಮೀಟರ್ ಎತ್ತರ ಮುಟ್ಟಿದ ಗಾಡಿ ಸೋಲನ್‌ಗೆ ಬರುವಾಗ ನೂರು ಮೀಟರಿನಷ್ಟು ಇಳಿದುಬಿಡುತ್ತದೆ. ಕಷ್ಟಪಟ್ಟು ಹತ್ತಿದ್ದನ್ನು ಇಳಿದು ಮತ್ತೆ ಹತ್ತಬೇಕು!

ಈಗ ನಿಮ್ಮ ಮಾದರಿಗೆ ಬನ್ನಿ. ಉದ್ದ 87ನೇ ಒಂದು ಭಾಗವಾದರೆ ತೂಕ 87ರ ಘನದಷ್ಟು, ಅಂದರೆ ಆರೂವರೆ ಲಕ್ಷಕ್ಕೂ ಹೆಚ್ಚು ಪಟ್ಟು ಕಡಿಮೆಯಾಗುತ್ತದೆ. 35 ಟನ್ ತೂಗುವ ಇಂಜಿನ್ನಿನ ಸರಿಯಾದ ಮಾದರಿ ಕೇವಲ 53 ಗ್ರಾಂ! ಆದರೆ ಏರು ಮಾತ್ರ ಸಣ್ಣದಾಗುವುದಿಲ್ಲ. 1:33 ಎಂಬುದು ಒಂದು ಅನುಪಾತ. ಹಳಿಗೂ ಚಕ್ರಕ್ಕೂ ನಡುವಿನ ಘರ್ಷಣಾಂಕವೂ ಒಂದು ಅನುಪಾತ. ಅನುಪಾತಕ್ಕೆ ಅಳತೆಪಟ್ಟಿಯ ಹಂಗಿಲ್ಲ. ಕಾಲ್ಕಾದ ಇಂಜಿನ್ನಿಗೆ ಏರು ಎಷ್ಟು ಕಷ್ಟವೋ ನಿಮ್ಮ ಮೇಜಿನ ಇಂಜಿನ್ನಿಗೂ ಅಷ್ಟೇ ಕಷ್ಟ. ಸಣ್ಣ ಅಚ್ಚುಗಳಲ್ಲಿ ಘರ್ಷಣೆಯ ಪಾಲು ಹೆಚ್ಚಿರುವುದರಿಂದ ಇನ್ನೂ ತುಸು ಹೆಚ್ಚೇ. ಚಕ್ರ ಜಾರಿದರೆ ಬೇಸರಪಡಬೇಡಿ. ಮಳೆಗಾಲದ ಒದ್ದೆ ಹಳಿಯ ಮೇಲೆ ನಿಜವಾದ ಇಂಜಿನ್ನೂ ಜಾರುತ್ತದೆ. ಆಗ ಚಾಲಕ ಚಕ್ರದ ಮುಂದೆ ಮರಳು ಉದುರಿಸುತ್ತಾನೆ. ನೀವು ಇಂಜಿನ್ನಿನೊಳಗೆ ಒಂದಿಷ್ಟು ಸೀಸದ ಚೂರುಗಳನ್ನು ಅಂಟಿಸಿ. ಮಾದರಿಕಾರರೆಲ್ಲ ಮಾಡುವ ಮೋಸ ಅದು. ಅಂಟಿಸಿದ ಮೇಲೆ ಕೈ ತೊಳೆಯಲು ಮರೆಯಬೇಡಿ, ಸೀಸ ವಿಷ.

ವೇಗದ ವಿಷಯದಲ್ಲೂ ಎಚ್ಚರ. ಗಂಟೆಗೆ 25 ಕಿ.ಮೀ. ಎಂದರೆ ಮಾದರಿಯಲ್ಲಿ ಸೆಕೆಂಡಿಗೆ 8 ಸೆಂಟಿಮೀಟರ್, ಅಷ್ಟೆ. ಪ್ರದರ್ಶನಗಳಲ್ಲಿ ಮಕ್ಕಳು ಓಡಿಸುವ ವೇಗ ಇದರ ಹತ್ತು ಪಟ್ಟು ಇರುತ್ತದೆ. ಶಿಮ್ಲಾ ತಲುಪಲು ಗಾಡಿ ಐದು ಗಂಟೆಯ ಆಸುಪಾಸು ತೆಗೆದುಕೊಳ್ಳುತ್ತದೆ. ನಿಧಾನವೇ ಈ ಸಾಲಿನ ಸ್ವಭಾವ.

ಉಳಿದದ್ದು, ಹೋದದ್ದು

ಜೆಡ್‌ಡಿಎಂ-3ರ ನಂತರ ನಾಲ್ಕು, ಐದು ಎಂಬ ತಮ್ಮಂದಿರೂ ಬಂದರು. ಹಗುರ ಹಳಿಗಳಿಗೆ ಹೊಂದುವಂತೆ ನಾಲ್ಕನೆಯದಕ್ಕೆ ಎರಡು ಹೆಚ್ಚುವರಿ ಅಚ್ಚುಗಳನ್ನು ಕೊಟ್ಟು ತೂಕವನ್ನು ಹಂಚಿದರು. ಆದರೆ ಇವೆಲ್ಲ ಬೆಳೆಯುವ ಹೊತ್ತಿಗೆ ನ್ಯಾರೋಗೇಜ್ ಸಾಲುಗಳೇ ಕರಗತೊಡಗಿದವು. 1992ರಲ್ಲಿ ಭಾರತೀಯ ರೈಲ್ವೆ ಏಕಗೇಜ್ ಯೋಜನೆಯನ್ನು ಕೈಗೆತ್ತಿಕೊಂಡಿತು. ನಮ್ಮ ಕೋಲಾರದ ಸಾಲು ತುಂಡುತುಂಡಾಗಿ ಬ್ರಾಡ್‌ಗೇಜ್ ಆಯಿತು. ಕೊನೆಯ ತುಂಡಾದ ಕೋಲಾರ–ಚಿಕ್ಕಬಳ್ಳಾಪುರ 2013ರಲ್ಲಿ ತೆರೆಯಿತು. ಜನರಿಗೆ ಅನುಕೂಲವಾಯಿತು, ಅದರಲ್ಲಿ ಅನುಮಾನವಿಲ್ಲ. ಗಾಡಿ ಬದಲಾಯಿಸುವ, ಸರಕು ಇಳಿಸಿ ಏರಿಸುವ ಪಾಡು ತಪ್ಪಿತು. ಆದರೆ ಗೇಜು ಹೋದರೆ ಇಂಜಿನ್ನೂ ಹೋಗುತ್ತದೆ. ಸಾಲಿಲ್ಲದ ಮೇಲೆ ಅದು ಓಡುವುದಾದರೂ ಎಲ್ಲಿ?

ಬೆಟ್ಟದ ಸಾಲುಗಳಲ್ಲಿ ಮಾತ್ರ ಅಗಲಿಸಲು ಜಾಗವಿಲ್ಲ. ಹಾಗಾಗಿ ಜೆಡ್‌ಡಿಎಂ-3 ಉಳಿಯಿತು. 2008ರ ಜುಲೈನಲ್ಲಿ ಯುನೆಸ್ಕೋ ಕಾಲ್ಕಾ–ಶಿಮ್ಲಾ ಸಾಲನ್ನು ಭಾರತದ ಪರ್ವತ ರೈಲ್ವೆಗಳೆಂಬ ವಿಶ್ವಪರಂಪರೆಯ ತಾಣಕ್ಕೆ ಸೇರಿಸಿತು. ಅದೇ ಹೊತ್ತಿಗೆ, 2008–09ರಲ್ಲಿ, ಮುಂಬಯಿಯ ಪರೇಲ್ ಕಾರ್ಯಾಗಾರ ಇದೇ ವರ್ಗದ ಆರು ಹೊಸ ಇಂಜಿನ್‌ಗಳನ್ನು ಕಟ್ಟಿತು. ಹಳೆಯದರಲ್ಲಿ ಚಾಲಕನಿಗೆ ಉದ್ದ ಮೂತಿಯಾಚೆಗೆ ಹಳಿ ಕಾಣುವುದು ಕಷ್ಟವಿತ್ತು. ಹೊಸದಕ್ಕೆ ಎರಡೂ ತುದಿಯಲ್ಲಿ ಕೋಣೆ. ಚಿತ್ತರಂಜನದಲ್ಲಿ 1982ಕ್ಕೇ ನಿಂತ ತಯಾರಿಕೆ ಕಾಲು ಶತಮಾನದ ನಂತರ ಬೇರೊಂದು ಊರಿನಲ್ಲಿ ಮತ್ತೆ ಶುರುವಾದದ್ದು ವಿಶೇಷವೇ. ಕಾಂಗ್ರಾ ಕಣಿವೆಯ ಪಠಾಣ್‌ಕೋಟ್–ಜೋಗಿಂದರ್‌ನಗರ ಸಾಲಿನಲ್ಲೂ ಇದೇ ವರ್ಗದ ಇಂಜಿನ್‌ಗಳು ದುಡಿದಿವೆ. ಟಿಡಿ ಜೋಡಿಯನ್ನು ಕಳಿಸಿದ್ದು ಅಲ್ಲಿಗೇ ಎಂಬುದು ನೆನಪಿರಲಿ. 2022ರ ಆಗಸ್ಟಿನ ಪ್ರವಾಹದಲ್ಲಿ ಆ ಸಾಲಿನ ಚಕ್ಕಿ ನದಿಯ ಸೇತುವೆ ಕುಸಿಯಿತು.

ಮರುವರ್ಷ ಶಿಮ್ಲಾ ಸಾಲಿನ ಸರದಿ. 2023ರ ಆಗಸ್ಟ್ 14ರಂದು ಸಮ್ಮರ್ ಹಿಲ್ ಬಳಿ ಭಾರೀ ಭೂಕುಸಿತವಾಗಿ ಒಂದು ಶಿವಾಲಯ ಕೊಚ್ಚಿಹೋಯಿತು, ಹಲವರು ಸತ್ತರು. ಜುಟೋಗ್ ಮತ್ತು ಸಮ್ಮರ್ ಹಿಲ್ ನಡುವೆ ಹಳಿಯ ಅಡಿಯ ಮಣ್ಣೆಲ್ಲ ಜಾರಿ, ಸ್ಲೀಪರ್ ಸಮೇತ ಹಳಿಗಳೆರಡು ಹಗ್ಗದ ಏಣಿಯಂತೆ ಗಾಳಿಯಲ್ಲಿ ತೂಗಾಡುತ್ತಿದ್ದ ಚಿತ್ರವನ್ನು ನೀವೂ ಪತ್ರಿಕೆಗಳಲ್ಲಿ ನೋಡಿರಬಹುದು. ದುರಸ್ತಿಯಾಗಿ ಗಾಡಿಗಳು ಮತ್ತೆ ಓಡಿದವು. ಅದೇ ವರ್ಷ ಪರಂಪರೆಯ ಬೆಟ್ಟದ ಸಾಲುಗಳಿಗೆ ಹೈಡ್ರೋಜನ್ ಗಾಡಿಗಳನ್ನು ತರುವ ಯೋಜನೆಯನ್ನು ರೈಲ್ವೆ ಪ್ರಕಟಿಸಿತು. ಅದು ಬಂದ ದಿನ ಜೆಡ್‌ಡಿಎಂ-3 ಕೂಡ ಕೆ ವರ್ಗದ ಉಗಿ ಇಂಜಿನ್ನಿನ ಪಕ್ಕ ಹೋಗಿ ನಿಲ್ಲಬೇಕಾಗುತ್ತದೆ. ಉಗಿ ಇಂಜಿನ್ನಿಗೆ ಹೂಹಾರ ಹಾಕಿ ನಿಲ್ಲಿಸಿದ ಹಾಗೆ ಇದನ್ನೂ ನಿಲ್ಲಿಸುತ್ತಾರೋ, ಗುಜರಿಗೆ ತೂಗಿ ಹಾಕುತ್ತಾರೋ? ಹೊರಗಿನ ತಗಡಿಗಿಂತ ಒಳಗಿನ ಪ್ರಸರಣೆಯನ್ನು, ಅಡ್ಡಕ್ಕೆ ಕತ್ತರಿಸಿ ರೆಕ್ಕೆಗಳು ಕಾಣುವಂತೆ, ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಇಡಬೇಕು ಎಂಬುದು ನನ್ನ ಆಸೆ.

ನಿಮ್ಮ ಮಾದರಿಗೆ ಸಂಬಂಧಿಸಿದ ಎರಡು ಮಾತು ಬಾಕಿಯಿವೆ. ಮೊದಲನೆಯದು: ಗಾಡಿಯ ಚಾಲಕನ ಕೈಗೆ ಒಂದು ಲೋಹದ ಗುಂಡು ಕೊಡಿ. ಈ ಸಾಲಿನಲ್ಲಿ ಬಳಕೆಗೆ ಬಂದದ್ದು ನೀಲ್ ಟೋಕನ್ ಯಂತ್ರ. ಎರಡು ನಿಲ್ದಾಣಗಳ ನಡುವೆ ಹೋಗಲು ಚಾಲಕನ ಬಳಿ ಆ ತುಂಡಿನ ಗುಂಡು ಇರಲೇಬೇಕು. ಎರಡೂ ನಿಲ್ದಾಣಗಳ ಯಂತ್ರಗಳು ತಂತಿಯ ಮೂಲಕ ಬೆಸೆದಿರುವುದರಿಂದ ಒಂದು ಗುಂಡು ಹೊರಗಿರುವಾಗ ಇನ್ನೊಂದು ಹೊರಬರದು. ಒಂಟಿ ಹಳಿಯ ಮೇಲೆ ಎರಡು ಗಾಡಿಗಳು ಎದುರಾಗದಂತೆ ಕಾಯುವ ಸರಳ ಉಪಾಯ. 1:87ರಲ್ಲಿ ಆ ಗುಂಡು ಸಾಸಿವೆ ಕಾಳಿನಷ್ಟೂ ಇರದು. ಬೇಕಾದರೆ ರಾಗಿಕಾಳಿಗೆ ಬಣ್ಣ ಬಳಿಯಿರಿ.

ಎರಡನೆಯದು ಬ್ರೇಕಿನ ಬಗ್ಗೆ. ಪುಟ್ಟ ಮೋಟರಿಗೆ ಸಾಮಾನ್ಯವಾಗಿ ತಿರುಪಿನಂಥ ವರ್ಮ್ ಗೇರನ್ನು ಜೋಡಿಸುತ್ತಾರೆ. ಮೋಟರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟರನ್ನು ತಿರುಗಿಸಲಾರದು. ಹಾಗಾಗಿ 1:33ರ ಏರಿನ ನಡುವೆ ಕರೆಂಟು ನಿಲ್ಲಿಸಿದರೂ ನಿಮ್ಮ ಗಾಡಿ ಅಲ್ಲಾಡದೆ ನಿಲ್ಲುತ್ತದೆ. ನಿಜವಾದ ಇಂಜಿನ್ನಿನಲ್ಲಿ ಚಕ್ರಕ್ಕೂ ಯಂತ್ರಕ್ಕೂ ನಡುವೆ ಇರುವುದು ಎಣ್ಣೆ. ಯಂತ್ರ ನಿಂತರೆ ಅದು ಗಾಡಿಯನ್ನು ಹಿಡಿದಿಡಲಾರದು. ಅಲ್ಲಿ ಚಾಲಕನ ಕೈ ಸದಾ ಬ್ರೇಕಿನ ಹಿಡಿಯ ಬಳಿಯೇ ಇರುತ್ತದೆ.